ಪತ್ರಿಕೆ ಓದುವ ದನಿ

ಕತ್ತು ನೋವೆಂದು ಅವಳು ಮಾಡಿಸಿದ ಸ್ಕ್ಯಾನಿನಲ್ಲಿ ನೋವಿಗೆ ಕಾರಣ ಸಿಗಲಿಲ್ಲ. ಬದಲಿಗೆ ಥೈರಾಯ್ಡ್ ಗ್ರಂಥಿಯಲ್ಲಿ ನೆಲ್ಲಿಕಾಯಿ ಗಾತ್ರದ ಗಂಟೊಂದು ಕಂಡಿತು. ಸೂಜಿ ಚುಚ್ಚಿ ಮಾಡಿದ ಪರೀಕ್ಷೆ ಕ್ಯಾನ್ಸರ್ ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ತೆಗೆಸಿಬಿಡುವುದೇ ಒಳ್ಳೆಯದೆಂದರು ಸರ್ಜನ್. ದನಿಯ ನರ ಆ ಗ್ರಂಥಿಯ ಬೆನ್ನಿಗೇ ಹಾದುಹೋಗುತ್ತದೆ, ನೂರರಲ್ಲಿ ಒಬ್ಬಿಬ್ಬರ ದನಿ ಕೆಡಬಹುದು ಎಂದೂ ಬಿಡಿಸಿ ಹೇಳಿದ್ದರು. ಅವಳು ತಿರುಗಿ ಕೇಳಿದ್ದು ಜೀವಕ್ಕೆ ಅಪಾಯವಿಲ್ಲವಲ್ಲ ಎಂದಷ್ಟೇ. ಆಪರೇಷನ್ ಆದಮೇಲೆ ಗಂಟು ಕ್ಯಾನ್ಸರ್ ಅಲ್ಲವೆಂದು ಗೊತ್ತಾಯಿತು. ಆ ಒಬ್ಬಿಬ್ಬರಲ್ಲಿ ತಾನೂ ಒಬ್ಬಳೆಂಬುದೂ ಗೊತ್ತಾಯಿತು.

ಬೇರೆ ಮನೆಯಾಗಿದ್ದರೆ ಹೇಗೋ ನಡೆಯುತ್ತಿತ್ತು. ಅವಳ ಗಂಡ ಹುಟ್ಟು ಕುರುಡ. ಬೆತ್ತದ ಕುರ್ಚಿ ಹೆಣೆಯುವುದು ಕಸುಬು. ಹೆಂಡತಿಯ ಮುಖವೆಂದರೆ ಅವನಿಗೆ ಅವಳ ದನಿಯೇ. ಕಂಚಿನ ಕಂಠ, ಬೀದಿಯ ಆ ತುದಿಗೂ ಕೇಳುತ್ತಿತ್ತು. ಬೆಳಿಗ್ಗೆ ಅವನು ಬೆತ್ತ ಎಳೆಯುತ್ತ ಕೂತರೆ ಅವಳು ಪತ್ರಿಕೆ ಓದುತ್ತಿದ್ದಳು, ನಡುನಡುವೆ ಮಂತ್ರಿಗಳನ್ನು ಜಾಡಿಸುತ್ತ.

ಈಗ ಹೊರಡುವುದು ಗಾಳಿ ಬೆರೆತ ಒಡಕು ಪಿಸುದನಿ. ಆಸ್ಪತ್ರೆಯಿಂದ ಬಂದ ದಿನ ಅವಳು ಕರೆದಾಗ ಅವನು ಬೆಚ್ಚಿ "ಯಾರು?" ಎಂದಿದ್ದ. ಆಮೇಲೆ ನಕ್ಕು ತೇಲಿಸಿದ. ಆದರೂ ಅವಳು ಬಾಯಿ ತೆರೆದಾಗಲೆಲ್ಲ ಅವನ ಹೆಗಲು ಬಿಗಿಯುತ್ತಿತ್ತು, ಗುರುತಿಲ್ಲದವರ ಮುಂದೆ ಕೂತವನಂತೆ. ಅವಳು ಸುಮ್ಮನೆ ಓಡಾಡಿಕೊಂಡಿದ್ದರೆ ಹಾಗಲ್ಲ, ಲೋಟ ಇಟ್ಟ ಸದ್ದಿನಲ್ಲೇ "ಏನೇ, ಕೋಪಾನಾ?" ಎಂದು ಕೇಳುವ ಹಳೆಯ ಗಂಡನಾಗುತ್ತಿದ್ದ. ಹಾಗಾಗಿ ಅವಳು ಮಾತು ಕಡಿಮೆ ಮಾಡಿದಳು. ಪತ್ರಿಕೆಯ ಜಾಗಕ್ಕೆ ರೇಡಿಯೊ ಬಂತು. ನಿನ್ನ ಗಂಟಲಿಗೆ ಯಾಕೆ ಶ್ರಮ ಎಂದ ಅವನು.

ಗಂಟಲಿಗೆ ಅಭ್ಯಾಸ ಮಾಡಿಸುವ ಡಾಕ್ಟರಮ್ಮ ಗದರಿದರು. "ಬಾಯಿ ಮುಚ್ಕೊಂಡು ಕೂತ್ರೆ ದನಿ ಎಲ್ಲಿಂದ ಬರ್ಬೇಕಮ್ಮಾ? ದಿನಾ ಗಟ್ಟಿಯಾಗಿ ಓದಿ." ವರ್ಷದೊಳಗೆ ಸುಧಾರಿಸದಿದ್ದರೆ ಆಮೇಲೆ ತಾನಾಗಿ ಸುಧಾರಿಸುವುದು ಕಷ್ಟ ಎಂದೂ ಸೇರಿಸಿದರು. ಅರ್ಧ ವರ್ಷ ಆಗಲೇ ಕಳೆದಿತ್ತು.

ಮರುದಿನ ಅವಳು ರೇಡಿಯೊ ಆರಿಸಿ ಪತ್ರಿಕೆ ಬಿಡಿಸಿದಳು. ಕಟ್ಟಿ ಮುಗಿಯುವ ಮೊದಲೇ ಬಿರುಕು ಬಿಟ್ಟ ಸೇತುವೆಯ ಸುದ್ದಿ; ತಪ್ಪೆಲ್ಲ ಮಳೆಯದೆಂದಿದ್ದ ಮಂತ್ರಿ. ಉಸಿರು ಸಾಲದೆ ಸಾಲಿಗೊಮ್ಮೆ ನಿಂತು ಓದಿದಳು. ಮಂತ್ರಿಯ ಮಾತು ಮುಗಿದಾಗ ಬೈಯುವಷ್ಟು ಉಸಿರು ಉಳಿದಿರಲಿಲ್ಲ. ಮುಂದಿನ ಸಾಲಿಗೆ ಹೋದಳು.

ಅವನ ಕೈ ನಿಂತಿತು. ಮುಖದಲ್ಲಿ ನಗು ಮೂಡಿತು.

"ಅವಳಾಗಿದ್ರೆ ಇಷ್ಟೊತ್ತಿಗೆ ಆ ಮಂತ್ರಿಗೆ ನೀರಿಳಿಸಿರೋಳು," ಎಂದ.

ಓದುತ್ತಿರುವವಳೇ ಅವಳೆಂದು ಹೇಳಿದ ಮೇಲೆ ಅವನಿಗೇ ಗೊತ್ತಾಯಿತು. ನಗು ಹಾಗೇ ಉಳಿಯಿತು, ಇಳಿಸಲು ಮರೆತಂತೆ. ಪಕ್ಕದ ಬಕೆಟ್ಟಿನಲ್ಲಿ ನೆನೆಹಾಕಿದ್ದ ಬೆತ್ತಕ್ಕಾಗಿ ತಡಕಾಡಿದ. ಇನ್ನೊಂದು ಕೈಯಲ್ಲಿ ಬೆತ್ತ ಇದ್ದೇ ಇತ್ತು.

ಲೋಟವನ್ನು ನೆಲಕ್ಕೊಮ್ಮೆ ಕುಟ್ಟಿದ್ದರೆ ಸಾಕಿತ್ತು, ಅವನು ಅವಳತ್ತ ತಿರುಗುತ್ತಿದ್ದ. ಲೋಟ ಕೈಗೆಟಕುವಲ್ಲೇ ಇತ್ತು. ಅವಳು ಪುಟ ಮಗುಚಿ, ಎದೆ ತುಂಬ ಉಸಿರೆಳೆದುಕೊಂಡು, ಮಾರುಕಟ್ಟೆಯ ಧಾರಣೆಗಳನ್ನು ಗಟ್ಟಿಯಾಗಿ ಓದತೊಡಗಿದಳು.