ಊರಿಗೊಬ್ಬಳೇ ಚಂದ್ರಾವತಿ

ಬಾಣಂತಿಯ ಕೋಣೆಯಿಂದ ಪಿಸುಮಾತು ಕೇಳಿಸಿದರೆ ದುರುಗಮ್ಮನ ಕಿವಿಗಳು ನೆಟ್ಟಗಾಗುತ್ತಿದ್ದವು. ಎಪ್ಪತ್ತೊಂಬತ್ತನೆಯ ಇಸವಿಯ ಸಂಕ್ರಾಂತಿ ಮುಗಿದ ವಾರ, ದೇವದುರ್ಗದ ಕಡೆಯ ಹಳ್ಳಿಯಿಂದ ರಾಯಚೂರಿಗೆ ಬಂದು ತಮ್ಮ ಉರುಕುಂದಪ್ಪನ ಮನೆಯಲ್ಲಿ ಚೀಲ ಇಳಿಸಿದಾಗಿನಿಂದ ಅವಳಿಗೆ ಒಂದೇ ಅನುಮಾನ. ತಮ್ಮನ ಹೆಂಡತಿ ಸೂಗಮ್ಮ ಏನೋ ಮುಚ್ಚಿಡುತ್ತಿದ್ದಾಳೆ. ಪಕ್ಕದ ಮನೆಯ ವಾಹಿದಾ ಬರುತ್ತಾಳೆ, ಇಬ್ಬರೂ ತಲೆಗೆ ತಲೆ ಹಚ್ಚಿ ಮಾತಾಡುತ್ತಾರೆ, ದುರುಗಮ್ಮ ಹೊಸ್ತಿಲಿಗೆ ಬಂದಳೋ ಇಬ್ಬರೂ ಗಪ್ಪಾಗುತ್ತಾರೆ. ಸೂಗಮ್ಮ ಮಾನ್ವಿಯ ಹುಡುಗಿ, ಏಳನೆಯ ತರಗತಿ ಓದಿದವಳು, ಬಾಲವಾಡಿಯಲ್ಲಿ ಆಯಾ. ಅಷ್ಟು ಕಲಿತವಳು ಸುಮ್ಮನೆ ಪಿಸುಗುಡುತ್ತಾಳೆಯೇ?

ಅಂದು ಮಧ್ಯಾಹ್ನ ತೊಟ್ಟಿಲ ಕಾರ್ಯವಿತ್ತು. ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಊದುವುದು ಸೋದರತ್ತೆಯ ಹಕ್ಕು. ಊದುವಾಗ ನೆರೆದ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದುವುದೂ ಪದ್ಧತಿಯೇ. ಅವಳ ಬಾಯಿಂದ ಬಂದದ್ದೇ ಕೂಸಿನ ಹೆಸರು.

“ಅಲ್ಲವಾ ಸೂಗಮ್ಮ, ಏನಂತ ಊದಬೇಕು? ನನಗೂ ಹೇಳ್ತೀಯೋ, ವಾಹಿದಾಗಷ್ಟ ಹೇಳ್ತೀಯೋ?”

ಸೂಗಮ್ಮ ಕೂಸಿನ ತಲೆಗೆ ಕುಂಚಿಗೆ ಕಟ್ಟುತ್ತ, “ಚಂದ್ರಾವತಿ ರೀ, ಅಕ್ಕಾರ,” ಎಂದಳು.

ದುರುಗಮ್ಮನ ಎದೆ ಧಸಕ್ಕೆಂದಿತು. ಚಂದ್ರಾವತಿ ಎಂದರೆ ಅವಳ ಊರಿನ ಗೌಡಸಾನಿ. ದುರುಗಮ್ಮ ಕಸ ಹೊಡೆದು, ಸೆಗಣಿ ಬಾಚಿ ಹೊಟ್ಟೆ ಹೊರೆಯುತ್ತಿದ್ದ ದೊಡ್ಡ ಮನೆಯ ಯಜಮಾನಿ. ಆ ಊರಲ್ಲಿ ಕೇರಿಯ ಮಕ್ಕಳಿಗೆ ಗೌಡರ ಮನೆಯ ಹೆಸರು ಇಡುವಂತಿಲ್ಲ. ಸಾಲದ್ದಕ್ಕೆ ಗೌಡರ ಕಾರಕೂನ ವಿರೂಪಣ್ಣ ಹತ್ತಿ ಮಾರಲು ರಾಯಚೂರಿಗೇ ಬಂದಿದ್ದ. ಸಂಜೆಯ ಬಸ್ಸಿಗೆ ಅವಳನ್ನು ಕರೆದೊಯ್ಯಲು ಈ ಮನೆಗೇ ಬರುವವನಿದ್ದ. ಹೆಸರು ಅವನ ಕಿವಿಗೆ ಬಿದ್ದರೆ ನಾಳೆಯಿಂದ ದೊಡ್ಡ ಮನೆಯ ಬಾಗಿಲು ಮುಚ್ಚಿದಂತೆಯೇ.

ಓಹೋ, ಇದೋ ಹಕೀಕತ್ತು! ಸೂಗಮ್ಮ ಮತ್ತೆ ಬಾಲವಾಡಿಗೆ ಹೋಗಬೇಕು, ಕೂಸು ನೋಡಲು ಬಿಟ್ಟಿ ಆಳು ಬೇಕು. ಅಕ್ಕನ ಅನ್ನಕ್ಕೆ ಕಲ್ಲು ಬಿದ್ದರೆ ಅಕ್ಕ ಇಲ್ಲಿಗಲ್ಲದೆ ಇನ್ನೆಲ್ಲಿಗೆ ಬರುತ್ತಾಳೆ? ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೆಲಸ! ಆಗಲಿ, ನಾನು ತಿಪ್ಪಮ್ಮ ಎಂದು ಊದುತ್ತೇನೆ ಎಂದು ದುರುಗಮ್ಮ ಒಳಗೊಳಗೇ ನಿಶ್ಚಯಿಸಿದಳು. ಆದರೆ ಬಾಯಿ ಸುಮ್ಮನಿರಬೇಕಲ್ಲ.

“ನನ್ನ ಕೂಳಿಗೆ ಮಣ್ಣು ಹಾಕಾಕ ಈ ಹೆಸರು ಹುಡಿಕಿಯೇನು? ಕೂಸು ನೋಡಾಕ ನಾ ಬೇಕಂತ ನೆಟ್ಟಗ ಕೇಳಬಾರದೇನು?”

ಸೂಗಮ್ಮನ ಮುಖ ಕೆಂಪಾಯಿತು. “ನೀವು ಇಲ್ಲೇ ಇರಬೇಕಂತ ಆಸೆ ಅದ ರೀ, ಸುಳ್ಳು ಯಾಕ ಹೇಳಲಿ? ಆದ್ರ ಹೆಸರು ಅದಕ್ಕಲ್ಲ. ನಿಮ್ಮ ತಮ್ಮನ್ನ ಕೇಳ್ರಿ.”

ಉರುಕುಂದಪ್ಪ ಬಾಗಿಲಲ್ಲೇ ನಿಂತಿದ್ದ. ಹತ್ತಿ ಗಿರಣಿಯ ಹಮಾಲ, ಮಾತು ಕಡಿಮೆ.

“ಅಕ್ಕಾ, ಅವ್ವ ಸಾಯೂ ಮುಂದ ಚಂದ್ರಾವತಿ, ಚಂದ್ರಾವತಿ ಅಂತ ಕರದ್ಲು. ಗೌಡಸಾನಿನ ಕರಿಯಾಕತ್ತಾಳ ಅಂತ ನಾ ತಿಳ್ಕೊಂಡೆ. ನೀ ಓಡಿ ಬಂದು ‘ಬಂದೆ ಯವ್ವಾ’ ಅಂದಿ.”

ಅದು ದುರುಗಮ್ಮನದೇ ಮೊದಲ ಹೆಸರು. ಬಯಲಾಟದ ರಾಣಿಯ ಹೆಸರು ಮೆಚ್ಚಿ ಅಪ್ಪ ಅವಳಿಗೆ ಇಟ್ಟದ್ದು ಅದು. ಅವಳು ಲಂಗ ತೊಡುವ ವಯಸ್ಸಿನಲ್ಲಿ ಅದೇ ಹೆಸರಿನ ಸೊಸೆ ಗೌಡರ ಮನೆಗೆ ಬಂದಳು. “ಊರಿಗೆ ಒಬ್ಬಾಕಿ ಚಂದ್ರಾವತಿ ಸಾಕು” ಎಂದಳು ಅಂದಿನ ಹಿರಿಯ ಗೌಡಸಾನಿ. ಅಪ್ಪ ಹೆಗಲ ಟವೆಲನ್ನು ಕಂಕುಳಲ್ಲಿಟ್ಟುಕೊಂಡು ತಲೆಯಾಡಿಸಿದ. ಅಂದಿನಿಂದ ಅವಳು ದುರುಗಿ. ಆ ಸಂಕಟವನ್ನು ಅವಳು ಯಾರ ಮುಂದೆಯೂ ಹೇಳಿರಲಿಲ್ಲ.

ಆದರೂ ಅನುಮಾನವನ್ನು ಅಷ್ಟು ಸುಲಭಕ್ಕೆ ಬಿಡುವ ಜಾಯಮಾನ ಅವಳದಲ್ಲ. “ಬದುಕಿದ್ದವರ ಹೆಸರು ಕೂಸಿಗೆ ಇಡ್ತಾರೇನು? ನಾ ಸಾಯಲಿ ಅಂತೀರೇನು?”

“ನೀವು ಹಿಂಗ ಅಂತೀರಂತನ ಹೇಳಾಕ ಅಂಜಿದ್ದೆ ರೀ,” ಎಂದಳು ಸೂಗಮ್ಮ. “ಹೆಂಗ ಹೇಳೂದಂತ ವಾಹಿದಾನ ಕೇಳಾಕತ್ತಿದ್ದೆ. ನಿಮಗ ಬ್ಯಾಡಂದ್ರ ಬ್ಯಾಡ. ನೀವು ಏನು ಊದ್ತೀರೋ, ಅದನ್ನ ಕರೀತೀವಿ.”

ಹೆಂಗಸರು ನೆರೆಯುವ ಹೊತ್ತಿಗೆ ವಿರೂಪಣ್ಣ ಬಂದು ಹೊರಗಿನ ಕಟ್ಟೆಯ ಮೇಲೆ ಕೂತ. ಬೇಕೆಂದೇ ಬೇಗ ಬಂದಿದ್ದಾನೆ ಎನಿಸಿತು ದುರುಗಮ್ಮನಿಗೆ. ತೊಟ್ಟಿಲಿಗೆ ಬಾಗಿದಾಗ ತಿಪ್ಪಮ್ಮ ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು. ನಾಳೆ ಯಾರೋ ‘ಏ ತಿಪ್ಪಿ’ ಎನ್ನುತ್ತಾರೆ, ಈ ಕೂಸೂ ತನ್ನ ಹಾಗೆಯೇ ತಿರುಗಿ ನೋಡುತ್ತದೆ ಎನಿಸಿ ಅವಳು ಆ ಹೆಸರನ್ನು ನುಂಗಿಕೊಂಡಳು. ಊದಿಬಿಟ್ಟಳು. ಬೆನ್ನ ಮೇಲೆ ದಬದಬ ಗುದ್ದು ಬಿದ್ದವು, ಕಣ್ಣಲ್ಲಿ ದಳದಳ ನೀರಿಳಿಯಿತು.

“ಜೋರ ಬಿತ್ತೇನ್ರಿ ಅಕ್ಕಾ?” ವಾಹಿದಾ ಗಾಬರಿಯಾಗಿ ಕೈ ಹಿಂದೆಗೆದಳು.

ಅಷ್ಟರಲ್ಲಿ ಹೊರಗಿನಿಂದ ವಿರೂಪಣ್ಣನ ದನಿ ಬಂತು. “ಏ ದುರುಗೀ, ಮುಗೀತೇನು? ಏನು ಹೆಸರಿಟ್ರಿ?”

ಪಕ್ಕದಲ್ಲೇ ನಿಂತು ಹೆಸರು ಕೇಳಿಸಿಕೊಂಡಿದ್ದ ಸೂಗಮ್ಮ ತಟ್ಟನೆ, “ಸುಂಕಮ್ಮ ರೀ, ಯಪ್ಪಾ!” ಎಂದು ಕೂಗಿಬಿಟ್ಟಳು.

ದುರುಗಮ್ಮ ಅವಳನ್ನು ದಿಟ್ಟಿಸಿದಳು. ನನ್ನ ಕೂಳು ಕಸಿಯುವವಳು ಎಂದುಕೊಂಡವಳೇ ಅದನ್ನು ಉಳಿಸಲು ಸುಳ್ಳು ಹೇಳುತ್ತಿದ್ದಳು. ನಾಚಿಕೆಯಾಯಿತು. ದುರುಗಮ್ಮ ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು.

“ಸುಂಕಮ್ಮ ಅಲ್ರಿ. ಚಂದ್ರಾವತಿ.”

ವಿರೂಪಣ್ಣ ಎದ್ದು ನಿಂತ. “ತಲಿ ನೆಟ್ಟಗ ಅದ ಏನು ನಿನಗ? ನಾಳಿ ದೊಡ್ಡ ಮನ್ಯಾಗ ನಾ ಏನಂತ ಹೇಳಲಿ?”

ದುರುಗಮ್ಮ ಕೂಸಿನ ಕುಂಚಿಗೆ ಸರಿಪಡಿಸಿದಳು.

“ಚಂದ್ರಾವತಿ ಇನ್ನ ಕಸಕ್ಕ ಬರಾಂಗಿಲ್ಲ ಅಂತ ಹೇಳ್ರಿ.”