ರಂಗಂಪೇಟೆ ಬಾವಿಯ ನರದೌರ್ಬಲ್ಯ

ಸುರಪುರದ ತಹಶೀಲ ಕಚೇರಿಯ ಮುಂದೆ ಒಂದು ಬೇವಿನ ಕಟ್ಟೆ. ಅದರ ಮೇಲೆ ಕೂತು ಲಾಡ್ಲೇಸಾಬ ಇಪ್ಪತ್ತೆರಡು ವರ್ಷ ಜನರ ಅರ್ಜಿ ಬರೆದಿದ್ದ. ಬದುವಿನ ಜಗಳ, ಕಳೆದ ಎಮ್ಮೆ, ಓಡಿಹೋದ ಅಳಿಯ, ಏನೇ ಇರಲಿ, ಜನ ಕನ್ನಡದಲ್ಲಿ ಗೋಳು ತೋಡಿಕೊಳ್ಳುತ್ತಿದ್ದರು. ಅವನು ಅದನ್ನು ಉರ್ದುವಿನಲ್ಲಿ ಮಲ್ಲಿಗೆ ಸರದ ಹಾಗೆ ಪೋಣಿಸಿ ಕೊಡುತ್ತಿದ್ದ. ನಿಜಾಮರ ಕಚೇರಿಯ ರಿವಾಜೇ ಹಾಗಿತ್ತು. ‘ಬಹುಜೂರ್ ಫೈಜ್ ಗಂಜೂರ್’ ಎಂದು ಶುರುವಾದ ಅರ್ಜಿಯಲ್ಲಿ ಸಾಹೇಬರು ಎಮ್ಮೆಯನ್ನು ತಲುಪುವ ಹೊತ್ತಿಗೆ ಹತ್ತು ಸಾಲು ಹೊಗಳಿಕೆ ಮುಗಿದಿರುತ್ತಿತ್ತು. ಎಮ್ಮೆ ಸಿಗುತ್ತಿತ್ತೋ ಇಲ್ಲವೋ, ಅರ್ಜಿ ಮಾತ್ರ ಚೆಂದ ಇರುತ್ತಿತ್ತು.

ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ಆಳ್ವಿಕೆ ಹೋಯಿತು. ಲಾಡ್ಲೇಸಾಬ ಕಟ್ಟೆ ಬಿಡಲಿಲ್ಲ. ಆದರೆ ಐವತ್ತಾರರ ನವೆಂಬರದಲ್ಲಿ ಹೈದರಾಬಾದ್ ರಾಜ್ಯ ಒಡೆದು ಸುರಪುರ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಚೇರಿಯ ಗೋಡೆಗೆ ಒಂದು ಕಾಗದ ಅಂಟಿಸಿದರು. ಇನ್ನು ಮುಂದೆ ಅರ್ಜಿಗಳೆಲ್ಲ ಕನ್ನಡದಲ್ಲಿರಬೇಕು. ಕಟ್ಟೆಯ ಮೇಲೆ ಕೂರುವವರು ಯುಗಾದಿಯೊಳಗೆ ಕನ್ನಡದಲ್ಲಿ ಒಂದು ಅರ್ಜಿ ಬರೆದು ತಹಶೀಲ್ದಾರರಿಗೆ ತೋರಿಸಿ, ಹೊಸ ಪರವಾನಗಿ ಪಡೆಯಬೇಕು. ಆಗದವರು ಜಾಗ ಖಾಲಿ ಮಾಡಬೇಕು.

ಈ ಕಾಗದವನ್ನೇ ಅವನಿಗೆ ಬೇರೆಯವರು ಓದಿ ಹೇಳಬೇಕಾಯಿತು. ಹುಟ್ಟಿದ್ದು ಪಕ್ಕದ ರಂಗಂಪೇಟೆ, ಮನೆಯಲ್ಲಿ ದಖನಿ, ಹೊಸಿಲು ದಾಟಿದರೆ ಕನ್ನಡ. ಆದರೆ ಸಾಲಿಯಲ್ಲಿ ಕಲಿತದ್ದು ಉರ್ದು ಅಕ್ಷರ ಮಾತ್ರ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಇಪ್ಪತ್ತೆರಡು ವರ್ಷದ ಕಸುಬು ಒಂದು ಹಾಳೆ ಕಾಗದಕ್ಕೆ ಬಿದ್ದುಹೋಗುವ ಹಾಗಾಯಿತು.

ಐವತ್ತರ ಗಡ್ಡ ಇಟ್ಟುಕೊಂಡು ಮಕ್ಕಳ ಜೊತೆ ‘ಅ ಆ’ ತಿದ್ದಲು ಅವನಿಗೆ ನಾಚಿಕೆ. ತನ್ನದೇ ಒಂದು ದಾರಿ ಹುಡುಕಿಕೊಂಡ. ಅಂಬಣ್ಣನ ಕಿರಾಣಿ ಅಂಗಡಿಗೆ ಹುಬ್ಬಳ್ಳಿ ಕಡೆಯ ಪತ್ರಿಕೆಯೊಂದು ಯಾದಗಿರಿ ಸ್ಟೇಷನ್ನಿನಲ್ಲಿ ಇಳಿದು, ಶಹಾಪುರದ ಬಸ್ಸು ಹತ್ತಿ, ಒಂದು ದಿನ ತಡವಾಗಿ ಬರುತ್ತಿತ್ತು. ಅಂಬಣ್ಣ ಓದಿದ ಮೇಲೆ ಅದರಲ್ಲೇ ಬೆಲ್ಲ ಕಟ್ಟುತ್ತಿದ್ದ. ಲಾಡ್ಲೇಸಾಬ ಬೆಲ್ಲಕ್ಕಿಂತ ಮುಂಚೆ ಹೋಗಿ ಪತ್ರಿಕೆ ಹಿಡಿದುಕೊಂಡು ಕೂರತೊಡಗಿದ. ಆದರೆ ಸುದ್ದಿ ದಿನಕ್ಕೊಂದು ಬದಲಾಗುತ್ತಿತ್ತು. ನಿನ್ನೆ ಗುರುತು ಹಿಡಿದ ಅಕ್ಷರ ಇವತ್ತು ಯಾವ ಮೂಲೆಯಲ್ಲಿದೆಯೋ ಸಿಗುತ್ತಿರಲಿಲ್ಲ.

ಬದಲಾಗದೆ ಇದ್ದದ್ದು ಒಂದೇ. ಮೂರನೇ ಪುಟದ ಕೆಳಗೆ, ದಪ್ಪ ಅಕ್ಷರದಲ್ಲಿ, ಮೀಸೆ ತಿರುವಿದ ಒಬ್ಬ ಪೈಲವಾನನ ಚಿತ್ರದ ಪಕ್ಕದಲ್ಲಿ ‘ಧೀರಾಮೃತ ನರಪುಷ್ಟಿ ಟಾನಿಕ್’ ಎಂಬ ಔಷಧಿಯ ಜಾಹೀರಾತು.

“ಅಂಬಣ್ಣ, ಇದನ್ನೊಂದು ಸಲ ಓದಿ ಹೇಳಪಾ,” ಎಂದ.

ಅಂಬಣ್ಣ ನಾಟಕದ ರಾಜನ ಗತ್ತಿನಲ್ಲಿ ಓದಿದ: “ನಿಮಗೆ ನಿದ್ರೆ ಬರುವುದಿಲ್ಲವೆ? ಹೊಟ್ಟೆಯುಬ್ಬರವೆ? ಮರೆವು, ಎದೆ ಡವಗುಟ್ಟುವಿಕೆ, ಕಾರಣವಿಲ್ಲದ ಕೋಪ, ಕಚೇರಿ ಕೆಲಸದಲ್ಲಿ ನಿರುತ್ಸಾಹವೆ? ಇವೆಲ್ಲ ನರದೌರ್ಬಲ್ಯದ ಚಿಹ್ನೆಗಳು. ಅಲಕ್ಷ್ಯ ಮಾಡಿದರೆ ಅಪಾಯ ತಪ್ಪದು. ಆದರೆ ನಿರಾಶರಾಗಬೇಡಿ. ಸಹಸ್ರಾರು ಜನರಿಗೆ ನವಚೈತನ್ಯ ನೀಡಿದ ಧೀರಾಮೃತ ಇಂದೇ ತರಿಸಿರಿ. ಏಳೇ ದಿನಗಳಲ್ಲಿ ಗುಣ. ಗುಣ ಕಾಣದಿದ್ದರೆ ಹಣ ವಾಪಸ್.”

ಲಾಡ್ಲೇಸಾಬ ಮೂರು ಸಲ ಓದಿಸಿ ಬಾಯಿಪಾಠ ಮಾಡಿಕೊಂಡ. ಚಿಕ್ಕವನಿದ್ದಾಗ ಕುರಾನ್ ಕಲಿತದ್ದೂ ಹಾಗೇ, ಮೊದಲು ನಾಲಗೆಗೆ, ಆಮೇಲೆ ಕಣ್ಣಿಗೆ. ಅಂದಿನಿಂದ ದಿನವೂ ಬಾಯಿಯಲ್ಲಿ ಅದನ್ನು ಹೇಳುತ್ತ, ಬೆರಳಿನಿಂದ ಒಂದೊಂದೇ ಅಕ್ಷರ ಮುಟ್ಟುತ್ತ, ಮನೆಗೆ ಬಂದು ಹಲಗೆಯ ಮೇಲೆ ಬರೆಯುತ್ತ, ಎರಡೂವರೆ ತಿಂಗಳಲ್ಲಿ ಅಷ್ಟೂ ಅಕ್ಷರ ಕೈವಶ ಮಾಡಿಕೊಂಡ. ಅಲ್ಲಿ ಇಲ್ಲದ ಅಕ್ಷರಗಳನ್ನು ಅಂಬಣ್ಣನ ಹತ್ತಿರ ಕೇಳಿ ಕಲಿತ. ಅವನ ಹಟ ನೋಡಿದರೆ ಯಾರಾದರೂ ಸೈ ಅನ್ನಬೇಕು.

ಮನೆಯಲ್ಲಿ ಹೆಂಡತಿ ಮಮ್ತಾಜಳಿಗೆ ಮಾತ್ರ ಎದೆ ಒಡೆಯಿತು. ಗಂಡ ಊಟಕ್ಕೆ ಕೂತರೆ “ಹೊಟ್ಟೆಯುಬ್ಬರವೆ,” ಎದ್ದರೆ “ಅಪಾಯ ತಪ್ಪದು.” ಅವಳು ಪಕ್ಕದ ಮನೆಯ ಮೌನಮ್ಮನ ಮುಂದೆ ಹೋಗಿ ಕಣ್ಣೀರು ಹಾಕಿದಳು.

“ಅಕ್ಕಾ, ನಮ್ಮವರಿಗಿ ಏನೋ ದೊಡ್ಡ ರೋಗ ಬಂದಂಗ ಕಾಣ್ತದ. ಬಾಯಿಬಿಟ್ಟು ಹೇಳವಲ್ರು. ತಮ್ಮಷ್ಟಕ್ಕ ತಾವ ರೋಗದ ಹೆಸರು ಎಣಿಸಾಕತ್ತಾರ.”

ಮೌನಮ್ಮ ಆ ಓಣಿಯ ಹಿರಿಯಳು, ಮೀನು ಮಾರಿ ಬದುಕುವವಳು. ಹೆಸರಿಗೂ ಬಾಯಿಗೂ ಸಂಬಂಧವಿಲ್ಲ. ನೆಟ್ಟಗೆ ಬಂದು ಲಾಡ್ಲೇಸಾಬನ ಮುಂದೆ ಕೂತು, “ಏನಾಗೇದ ತಮ್ಮಾ ನಿನಗ?” ಎಂದಳು. ಅವನು ನಗುತ್ತ ಇದ್ದ ವಿಷಯ ಹೇಳಿದ.

“ಹಂಗಾರ ಬರಿಯಾಕ ಬಂತೇನು?”

“ಬಂತಕ್ಕಾ. ಬರಿಸೂ ಮಂದಿ ಬರವಲ್ರು. ಎಲ್ಲಾರೂ ಸಾಲಿ ಮಾಸ್ತರ ಕಡಿ ಹೋಗಾಕತ್ತಾರ.”

“ನಂದು ಬರಿ. ಓಣಿ ಬಾವಿ ಹೂಳು ತುಂಬಿ ಮೂರು ತಿಂಗಳಾತು. ಯಾರಿಗಿ ಹೇಳಿದರೂ ಹೂಂ ಅಂತಾರ, ಹೋಗ್ತಾರ.”

ಲಾಡ್ಲೇಸಾಬನಿಗೆ ಹೋದ ಜೀವ ಬಂದಂತಾಯಿತು. ಯುಗಾದಿಗೆ ಇನ್ನು ಎಂಟೇ ದಿನ. ಈ ಅರ್ಜಿ ಸಾಹೇಬರ ಮನಸ್ಸಿಗೆ ಬಂದರೆ ಕಟ್ಟೆ ಉಳಿಯಿತು, ಇಲ್ಲದಿದ್ದರೆ ಹೋಯಿತು. ಶುಭ್ರವಾದ ಕಾಗದ ತೆಗೆದುಕೊಂಡು ಕೂತ. ಉರ್ದುವಿನಲ್ಲಿ ಮೊದಲು ಹೊಗಳಬೇಕು, ಆಮೇಲೆ ವಿಷಯ. ಕನ್ನಡದಲ್ಲಿ ಹೇಗೆ? ಅವನು ಕಂಡ ಕನ್ನಡ ಬರಹ ಒಂದೇ ಒಂದು, ಅದು ಓದುವವರ ಆರೋಗ್ಯ ವಿಚಾರಿಸಿ ಶುರುವಾಗುತ್ತಿತ್ತು. ಕನ್ನಡದವರ ಮರ್ಯಾದೆ ಹೀಗೇ ಇರಬೇಕು, ನೇರ ನಿದ್ದೆ, ಹೊಟ್ಟೆ ಕೇಳಿಬಿಡುತ್ತಾರೆ ಎಂದು ಅವನು ತೀರ್ಮಾನ ಮಾಡಿದ. ಬರೆದು ಮುಗಿಸಿ ಮೌನಮ್ಮನಿಗೆ ಓದಿ ಹೇಳಿದ.

“ಘನ ತಹಶೀಲ್ದಾರ ಸಾಹೇಬರೆ, ನಿಮಗೆ ನಿದ್ರೆ ಬರುವುದಿಲ್ಲವೆ? ಹೊಟ್ಟೆಯುಬ್ಬರವೆ? ಕಚೇರಿ ಕೆಲಸದಲ್ಲಿ ನಿರುತ್ಸಾಹವೆ? ರಂಗಂಪೇಟೆ ಓಣಿಯ ಬಾವಿಗೆ ಮೂರು ತಿಂಗಳಿಂದ ನರದೌರ್ಬಲ್ಯ. ಹೆಂಗಸರಿಗೆ ಎದೆ ಡವಗುಟ್ಟುವಿಕೆ, ಗಂಡಸರಿಗೆ ಕಾರಣವಿಲ್ಲದ ಕೋಪ, ಇವೆಲ್ಲ ಹೂಳಿನ ಚಿಹ್ನೆಗಳು. ಅಲಕ್ಷ್ಯ ಮಾಡಿದರೆ ಅಪಾಯ ತಪ್ಪದು. ಆದರೆ ನಿರಾಶರಾಗಬೇಡಿ. ಇಂದೇ ಹೂಳು ತೆಗೆಸಿರಿ. ಏಳೇ ದಿನಗಳಲ್ಲಿ ಗುಣ. ಗುಣ ಕಾಣದಿದ್ದರೆ ಹೂಳು ವಾಪಸ್.”

“ಭಾಳ ಚಲೋ ಅದ,” ಎಂದಳು ಮೌನಮ್ಮ. “ಅರ್ಧ ತಿಳೀಲಿಲ್ಲ, ಅಂದಮ್ಯಾಗ ಸರಕಾರಿ ಕನ್ನಡನ ಇರಬೇಕು.”

ಇಬ್ಬರೂ ಕೂಡಿ ಹೋಗಿ ಅರ್ಜಿ ಕೊಟ್ಟು ಬಂದರು. ಮರುದಿನ ಬೆಳಿಗ್ಗೆಯೇ ಕಚೇರಿಯ ಜವಾನ ಓಡಿಬಂದ. ಸಾಹೇಬರು ಕರೆಯುತ್ತಿದ್ದಾರೆ, ಸಿಟ್ಟಿನಲ್ಲಿದ್ದಾರೆ, ಬರೆದವನೂ ಬರಬೇಕು, ಬರೆಸಿದವಳೂ ಬರಬೇಕು.

ತಹಶೀಲ್ದಾರರು ಮೈಸೂರಿನ ಕಡೆಯವರು, ಬಂದು ಮೂರು ತಿಂಗಳಾಗಿತ್ತು. ತೆಳ್ಳನೆಯ ಮನುಷ್ಯ, ಕಣ್ಣ ಕೆಳಗೆ ಕಪ್ಪು. ಅವರದೊಂದು ಗುಟ್ಟಿತ್ತು, ಪಾಪ, ಅದು ನಮ್ಮ ಲಾಡ್ಲೇಸಾಬನಿಗೆ ಗೊತ್ತಿರಲಿಲ್ಲ. ಸಾಹೇಬರಿಗೆ ನಿಜವಾಗಿಯೂ ನಿದ್ದೆ ಬರುತ್ತಿರಲಿಲ್ಲ, ಹೊಟ್ಟೆಯೂ ಉಬ್ಬರಿಸುತ್ತಿತ್ತು. ಅದೇ ಪತ್ರಿಕೆ ನೋಡಿ, ಅದೇ ಔಷಧಿಯನ್ನು ಅಂಚೆಯಲ್ಲಿ ತರಿಸಿ, ಯಾರಿಗೂ ಕಾಣದ ಹಾಗೆ ಕಡತಗಳ ಹಿಂದೆ ಇಟ್ಟು ಕುಡಿಯುತ್ತಿದ್ದರು. ಅಂಥವರ ಕೈಗೆ ಈ ಅರ್ಜಿ ಹೋಗಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳದೆ ಇರುತ್ತಾರೆಯೇ?

“ನನಗೆ ನಿದ್ದೆ ಬರೋಲ್ಲ ಅಂತ ನಿಮಗೆ ಯಾರ್ರೀ ಹೇಳಿದ್ದು?” ಎಂದರು ಸಾಹೇಬರು.

“ಯಾರೂ ಹೇಳಿಲ್ರಿ ಸಾಹೇಬ್ರ. ನಾನ ಕೇಳೇನಿ. ಮೊದಲ ಕ್ಷೇಮ ಕೇಳಬೇಕಲ್ರಿ.”

“ಹೊಟ್ಟೆಯುಬ್ಬರ ಇದೆಯಾ ಅಂತ ಕೇಳೋದು ಕ್ಷೇಮವೇನ್ರೀ? ಅಂಚೆಯವನು ಊರೆಲ್ಲ ಹೇಳಿಕೊಂಡು ಬಂದಿದ್ದಾನೆ, ಅಲ್ವಾ?”

ಅಷ್ಟರಲ್ಲಿ ಲಾಡ್ಲೇಸಾಬನ ಕಣ್ಣು ಕಡತಗಳ ಸಂದಿಗೆ ಹೋಯಿತು. ಅಲ್ಲೊಂದು ಬಾಟಲಿ. ಅದರ ಮೇಲೆ ಮೀಸೆ ತಿರುವಿದ ಪೈಲವಾನ. ಅವನ ಬೆರಳು ತಾನಾಗಿಯೇ ಮುಂದೆ ಬಂತು.

“ಧೀ… ರಾ… ಮೃ… ತ,” ಎಂದು ಓದಿದ. ಮುಖ ಅರಳಿತು. “ಅಕ್ಕಾ, ಇದ ನೋಡು ಅದು. ಖರೇನ ಇದ್ದ ಔಷಧಿ ಅಂತ ನನಗ ಗೊತ್ತಿರಲಿಲ್ಲ.” ಸಾಹೇಬರ ಸಿಟ್ಟು, ಪರವಾನಗಿ, ಎಲ್ಲ ಮರೆತು ಅವನು ‘ನಿಮಗೆ ನಿದ್ರೆ ಬರುವುದಿಲ್ಲವೆ’ಯಿಂದ ‘ಹಣ ವಾಪಸ್’ವರೆಗೆ ಒಂದೇ ಉಸಿರಿಗೆ ಹೇಳಿಬಿಟ್ಟ.

ಸಾಹೇಬರು ಅರ್ಜಿ ನೋಡಿದರು, ಬಾಟಲಿ ನೋಡಿದರು, ಅವನ ಮುಖ ನೋಡಿದರು.

“ಕನ್ನಡ ಎಲ್ಲಿ ಕಲಿತಿರಿ ನೀವು?”

“ಇದರಾಗ್ರಿ. ದಿನಾ ಬದಲಾಗದಂಗ ಬರೂದು ಇದೊಂದ ಇತ್ರಿ.”

ಸಾಹೇಬರ ತುಟಿ ಅದುರಿತು. ಕರವಸ್ತ್ರ ಬಾಯಿಗೆ ಹಿಡಿದು ಕೆಮ್ಮಿದರು. ಆ ಕೆಮ್ಮಿನಲ್ಲಿ ನಗುವೇ ಹೆಚ್ಚಾಗಿತ್ತು. ಆದರೆ ಮಾತು ಗಂಭೀರವಾಗಿಯೇ ಬಂತು. “ಸಾಬರೆ, ಇದು ಅರ್ಜಿ ಅಲ್ಲ, ಜಾಹೀರಾತು. ಇದನ್ನ ನೋಡಿ ನಾನು ಪರವಾನಗಿ ಕೊಡೋ ಹಾಗಿಲ್ಲ.”

ಒಂದು ಕಾಲದಲ್ಲಿ ದೊಡ್ಡ ದೊಡ್ಡ ಸಾಹೇಬರು ಲಾಡ್ಲೇಸಾಬನ ಅಕ್ಷರ ನೋಡಿ ವಾಹ್ವಾ ಅಂದಿದ್ದರು. ಈಗ ನಡುವಯಸ್ಸಿನಲ್ಲಿ ಹುಡುಗರ ಹಾಗೆ ನಪಾಸಾಗಿ ನಿಂತಿದ್ದ. ಕೈಮುಗಿದು ಹೇಳಿದ:

“ಆತ್ರಿ ಸಾಹೇಬ್ರ. ಕಟ್ಟಿ ಬಿಡ್ತೀನಿ. ಬಾವಿ ಹೂಳು ಮಾತ್ರ ತೆಗಸ್ರಿ. ತಪ್ಪು ನಂದು, ಬಾವಿದಲ್ಲ.”

ಸಾಹೇಬರು ಅರ್ಜಿಯನ್ನು ಪಕ್ಕಕ್ಕೆ ಸರಿಸಿದರು. “ಬಾವಿಗೆ ಏನಾಗಿದೆ? ಕಾಗದ ನೋಡದೆ ಬಾಯಲ್ಲಿ ಹೇಳಿ.”

“ಏನಿಲ್ರಿ. ಹೂಳು ತುಂಬೇದ. ಕೊಡ ಇಳಬಿಟ್ರ ಮುಳಗವಲ್ದು. ಹೆಣ್ಣಮಕ್ಕಳು ಅರ್ಧ ಹರದಾರಿ ನಡದು ನೀರು ತರಾಕತ್ತಾರ. ಬ್ಯಾಸಿಗಿ ಜೋರಾಗೂದ್ರಾಗ ತೆಗಸಿ ಕೊಟ್ರ ಪುಣ್ಯೇವ ಬರ್ತದ.”

ಸಾಹೇಬರು ಒಂದು ಬಿಳಿ ಕಾಗದ, ಲೇಖಣಿ ಮುಂದೆ ತಳ್ಳಿದರು. “ಈಗ ಹೇಳಿದಿರಲ್ಲ, ಅದನ್ನೇ ಬರೀರಿ.”

“ಇದನ್ನೇನ್ರಿ? ಇದು ಓಣಿ ಮಾತ್ರಿ. ಇದನ್ನ ಕಾಗದದ ಮ್ಯಾಲ ಇಡಾಕ ಬರ್ತದೇನ್ರಿ?”

“ಅಕ್ಷರ ಬರುತ್ತಲ್ಲ. ಇಡಿ.”

ಲಾಡ್ಲೇಸಾಬ ಬಗ್ಗಿ ಕೂತ. ಟಾನಿಕ್ಕಿನ ಅಕ್ಷರಗಳನ್ನು ಒಂದೊಂದೇ ಬಿಡಿಸಿ ತಂದು ಹೂಳಿಗೆ, ಕೊಡಕ್ಕೆ, ನೀರಿಗೆ ಹಚ್ಚಿದ. ತಾನು ದಿನಾ ಆಡುವ ಮಾತು ಕಾಗದದ ಮೇಲೆ ಕೂತದ್ದು ಕಂಡು ಅವನಿಗೇ ಸೋಜಿಗ. ನಾಲ್ಕು ಸಾಲಿಗೆ ಮುಗಿದುಹೋಯಿತು. ಹೊಗಳಿಕೆಯೂ ಇಲ್ಲ, ಹೊಟ್ಟೆಯುಬ್ಬರವೂ ಇಲ್ಲ.

ಸಾಹೇಬರು ಓದುತ್ತ ನಡುವೆ ನಿಂತರು. “‘ಮುಳಗವಲ್ದು’ ಅಂದ್ರೇನು?”

“ಮುಳಗಂಗಿಲ್ಲ ಅಂದಂಗ್ರಿ,” ಎಂದಳು ಬಾಗಿಲ ಬಳಿ ನಿಂತ ಮೌನಮ್ಮ.

“ಓ, ಮುಳುಗೋಲ್ಲ.” ಅವರು ಕುರ್ಚಿಗೆ ಒರಗಿ ಕಣ್ಣು ಉಜ್ಜಿಕೊಂಡರು. “ನೋಡಮ್ಮ, ಜನ ಹೇಳೋದು ನನಗೆ ಅರ್ಧ ಅರ್ಥ ಆಗುತ್ತೆ, ಉಳಿದರ್ಧ ಊಹೆ ಮಾಡ್ತೀನಿ. ಊಹೆ ತಪ್ಪಿ ಯಾರಿಗೆ ಅನ್ಯಾಯ ಮಾಡಿದೆನೋ ಅಂತ ಮಲಗಿದರೆ ನಿದ್ದೆ ಬರೋಲ್ಲ. ನಾಲ್ಕು ಬಾಟಲಿ ಮುಗಿಸಿದೆ.”

“ಅದಕ್ಕ ಬಾಟ್ಲಿ ಯಾಕ ಬೇಕ್ರಿ? ಸಂಜಿಕ ನಮ್ಮ ಬಾವಿ ಕಡಿ ಬಂದು ಕೂಡ್ರಿ. ಹತ್ತು ಮಂದಿ ಹೆಣ್ಣಮಕ್ಕಳು ಕೂಡಿದ್ರ ಬೇಡಂದ್ರೂ ಕಲಿಸ್ತೀವಿ.”

ಸಾಹೇಬರು ಈ ಸಲ ಕರವಸ್ತ್ರ ಹಿಡಿಯದೆಯೇ ನಕ್ಕರು. ಅರ್ಜಿಯ ಅಂಚಿಗೆ ಹೂಳು ತೆಗೆಸುವ ಹುಕುಂ ಬರೆದರು. ಜಾಹೀರಾತಿನ ಅರ್ಜಿಯನ್ನು ಮಡಚಿ ತಮ್ಮ ಜೇಬಿಗೆ ಇಟ್ಟುಕೊಂಡರು. ಆಮೇಲೆ ಇನ್ನೊಂದು ಕಾಗದದ ಮೇಲೆ ಎರಡು ಸಾಲು ಬರೆದು, ಮೊಹರು ಒತ್ತಿ, ಲಾಡ್ಲೇಸಾಬನ ಕೈಗೆ ಕೊಟ್ಟರು.

ಅವನು ಅದನ್ನು ಹೊರಗೆ ತಂದು ಮೆಟ್ಟಿಲ ಮೇಲೆ ನಿಂತು ಬೆರಳಿಟ್ಟು ಓದಿದ. ಬಾಯಿಪಾಠ ಇಲ್ಲದೆ, ಯಾರೂ ಮೊದಲು ಓದಿ ಹೇಳದೆ, ಅವನು ಓದಿದ ಮೊದಲ ಕನ್ನಡ ಕಾಗದ ಅದು. ಒಂದು ಸಲ ಓದಿದ. ನಂಬಿಕೆ ಬರದೆ ಇನ್ನೊಂದು ಸಲ ಓದಿದ. ಕಣ್ಣು ತುಂಬಿ ಅಕ್ಷರ ಮಂಜಾದವು.

“ಏನ ಬರದಾರ ತಮ್ಮಾ?” ಎಂದಳು ಮೌನಮ್ಮ. ಅವಳಿಗೆ ಯಾವ ಅಕ್ಷರವೂ ಬರುತ್ತಿರಲಿಲ್ಲ.

“ಕಟ್ಟಿ ಮ್ಯಾಲ ಕೂಡಾಕ ಪರವಾನಗಿ ಕೊಟ್ಟಾರ ಅಕ್ಕಾ. ಕೆಳಗ ಇನ್ನೊಂದು ಮಾತು ಬರದಾರ. ಲಾಡ್ಲೇಸಾಬನಿಗಿ ಕನ್ನಡ ಬರ್ತದ ಅಂತ.”

ಮೌನಮ್ಮ ಸೆರಗು ಸೊಂಟಕ್ಕೆ ಸಿಗಿಸಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

“ಅದನ್ನ ಮೈಸೂರಾಂವ ಬಂದು ಬರದು ಕೊಡಬೇಕಾತೇನು? ಗೋಲಿ ಆಡೂ ಕಾಲದಿಂದ ನನ್ನ ಜೋಡಿ ಜಗಳಾಡೀದಿ, ಅದು ಯಾವ ಭಾಷಾದಾಗೋ?”