ಎಂಜಿನ್ನಿನ ಗಂಟೆ

ಅಮೆರಿಕದ ರಾಚೆಸ್ಟರ್ ಹಿಲ್ಸ್‌ನ ಮನೆಯ ಸಿಂಕಿನಲ್ಲಿ ಕೌಸಲ್ಯಾ ಹಳೆಯ ಉಗಿ ಎಂಜಿನ್ನಿನ ಹಿತ್ತಾಳೆ ಗಂಟೆಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದಳು. ಗಂಡ ಜಯಸಿಂಹ ಶನಿವಾರ ಬಂದರೆ ಗೆಳೆಯರ ಜೊತೆ ರೈಲು ಮ್ಯೂಸಿಯಮ್ಮಿಗೆ, ಆ ಹಳೆಯ ರೈಲನ್ನು ಮುಂದಿನ ಪೀಳಿಗೆಗೆ ಉಳಿಸಲು ಹೊರಡುವ ಮಹಾನುಭಾವ. ಮನೆಯ ದೇವರ ದೀಪವನ್ನು ಒಮ್ಮೆಯೂ ತೊಳೆದವನಲ್ಲ. ಮುಂದಿನ ಪೀಳಿಗೆ ಮಹಡಿಯ ಮೇಲೆ ವಿಡಿಯೋ ಗೇಮ್ ಆಡುತ್ತಿತ್ತು.

"ಚೆನ್ನಾಗಿ ಉಜ್ಜೇ. ನನ್ನ ಇಂಡಿಯನ್ ಪಾಲಿಶ್ ಅಂದ್ರೆ ಅಲ್ಲಿ ಎಲ್ರಿಗೂ ಪ್ರಾಣ," ಎಂದ ಜಯಸಿಂಹ.

"ರೀ, ನಾನೂ ಎಂಜಿನ್ ಓಡಿಸೋದು ಕಲೀಲಾ?"

"ಕುಕ್ಕರ್ ಕೂಗಿದ್ರೇ ಬೆಚ್ಚಿಬೀಳ್ತೀಯ! ಲೇಡೀಸ್‌ಗೆ ಗಿಫ್ಟ್ ಶಾಪ್ ಇದೆಯಲ್ಲ, ಅಲ್ಲಿ ನಿಂತ್ಕೋ."

ಮ್ಯೂಸಿಯಮ್ಮಿನಲ್ಲಿ ಮುಂದಿನ ವಾರ ಶುರುವಾಗುವ ಎಂಜಿನ್ ಓಡಿಸುವ ತರಬೇತಿಗೆ ಸೇರಿಯೇ ಬಿಡುವುದೆಂದು ಕೌಸಲ್ಯಾ ಆ ಕ್ಷಣವೇ ನಿಶ್ಚಯಿಸಿದಳು. ಬಾಯಲ್ಲಿ ಮಾತ್ರ, "ಕಾಫಿ ಬೇಕೇನ್ರೀ?" ಎಂದಳು.